ಉಪ್ಪಿನ ಮಾಂಡ್ರೋನ ಪೀಡೆ ಹೊತ್ತದ್ದು

ನಮ್ಮ ಅಬ್ದೇರದವರ ತಲೆಯಲ್ಲಿ ಮಿದುಳಿರುವ ಜಾಗದಲ್ಲಿ ಜೌಗುನೀರು ನಿಂತಿದೆ ಎಂದು ಅಥೆನ್ಸಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿ ಅವರದು. ಆದರೆ ಆ ವರ್ಷ ನಮ್ಮ ಊರಿನವರು ನಡೆದುಕೊಂಡದ್ದನ್ನು ನೆನೆದರೆ, ಅವರ ಮಾತು ಪೂರ್ತಿ ಸುಳ್ಳು ಎನ್ನಲು ನನಗೂ ನಾಲಗೆ ಏಳುವುದಿಲ್ಲ.

ವಸಂತ ಮುಗಿಯುವ ಹೊತ್ತಿಗೆ ಕೆಳಗಿನ ಕೇರಿಯಲ್ಲಿ ನಡುಗುಜ್ವರ ಮನೆಮನೆ ಹೊಕ್ಕಿತ್ತು. ಒಂದು ದಿನ ಹಲ್ಲು ಕಟಕಟ ಎನ್ನುವ ಚಳಿ, ಮರುದಿನ ಏನೂ ಆಗದವರಂತೆ ಎದ್ದು ಓಡಾಟ, ಮೂರನೆಯ ದಿನ ಮತ್ತೆ ಅದೇ ಚಳಿ. ಹೀಗೆ ಏಳೆಂಟು ಸುತ್ತು ಬರುವಷ್ಟರಲ್ಲಿ ಮಕ್ಕಳು ಮೂಳೆ ಚಕ್ಕಳವಾಗುತ್ತಿದ್ದವು. ಹನ್ನೊಂದು ಮಕ್ಕಳನ್ನು ಆಗಲೇ ಮಣ್ಣು ಮಾಡಿದ್ದರು. ಹನ್ನೆರಡನೆಯದು ತನ್ನ ಮಗಳು ಅಂಪೆಲಿ ಆಗದಿರಲಿ, ಇದೊಂದೇ ಮಾಂಡ್ರೋನನ ಚಿಂತೆ. ಅವಳಿಗೆ ಏಳು ವರ್ಷ, ಜ್ವರ ನಾಲ್ಕು ಸುತ್ತು ಬಂದಾಗಿತ್ತು.

ಮಾಂಡ್ರೋನ ಕಡಲ ದಂಡೆಯಲ್ಲಿ ಉಪ್ಪು ಕಾಸಿ, ಆ ಉಪ್ಪಿನಲ್ಲಿ ಮೀನು ಹಾಕಿ ಮಾರುವವನು. ಚಿಕ್ಕವನಾಗಿದ್ದಾಗ ನಮ್ಮೂರಿನ ಒಬ್ಬ ಮುದುಕ ಪಂಡಿತನ ಕಾಲ ಬಳಿ ಕೂತು ಒಂದು ಪಾಠ ಕೇಳಿದ್ದ. ಲೋಕದಲ್ಲಿ ಇರುವುದು ಎರಡೇ: ಕಣ್ಣಿಗೆ ಕಾಣದ, ಇನ್ನು ಒಡೆಯಲಾಗದ ಅಣುಗಳು, ಮತ್ತು ಅವು ಓಡಾಡಲು ಒಂದಿಷ್ಟು ಖಾಲಿ ಜಾಗ. ಕಲ್ಲೂ ಅದೇ, ಕಡಲೂ ಅದೇ, ಮನುಷ್ಯನೂ ಅದೇ. ಮುದುಕ ಸತ್ತು ಎಷ್ಟೋ ವರ್ಷವಾಯಿತು, ಕೇಳಿದವರೆಲ್ಲ ಮರೆತು ಹೊಲ ಮನೆ ನೋಡಿಕೊಂಡರು. ಇವನೊಬ್ಬ ಮರೆಯಲಿಲ್ಲ. ಮರೆಯದಿದ್ದರೆ ಬೇಡ, ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದೇ? ಅದೂ ಇಲ್ಲ. ಮೀನು ಕೊಳ್ಳಲು ಬಂದವರಿಗೆಲ್ಲ ಮೀನಿನ ಜೊತೆ ಅಣುವನ್ನೂ ಕಟ್ಟಿಕೊಡುತ್ತಿದ್ದ.

ಅಪೊಲೊ ದೇವರ ಥಾರ್ಗೇಲಿಯಾ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಸಂತೆಕಟ್ಟೆಯ ಮೀನಿನ ಸಾಲಿನಲ್ಲಿ, ಅವನ ಹೆಂಡತಿ ಮೆಲಿನ್ನ ಮೀನು ಕೊಯ್ಯುತ್ತಿದ್ದಳು. ಅವನು ಒಂದು ಬಟ್ಟಲು ನೀರು ಹಿಡಿದು ನಾಲ್ಕು ಜನರ ನಡುವೆ ಭಾಷಣ ಹೊಡೆಯುತ್ತಿದ್ದ. ಆಗ ಬಂದ ಮೊಲ್ಪಗೋರ. ಇವನು ಮೆಲಿನ್ನಳ ಅಣ್ಣ, ಜೌಗಿನ ಅಂಚಿನ ಬಾರ್ಲಿ ಹೊಲಗಳೆಲ್ಲ ಇವನವು, ಆ ವರ್ಷ ಹಬ್ಬದ ಯಜಮಾನಿಕೆಯೂ ಇವನದೇ. ಭಾವ ಭಾವಂದಿರಿಗೆ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ.

"ಏನು ಭಾವಯ್ಯ, ಇವತ್ತು ಮೀನು ಮಾರ್ತಿದೀಯೋ, ಗಾಳಿ ಮಾರ್ತಿದೀಯೋ?" ಎಂದ ಮೊಲ್ಪಗೋರ.

"ಬಾ ಭಾವ, ನಿನ್ನಂಥವನೇ ಬೇಕಿತ್ತು. ಈ ಬಟ್ಟಲಲ್ಲಿ ಉಪ್ಪು ಕಾಣ್ತಿದೆಯಾ?"

"ಇಲ್ಲ."

"ಕುಡಿ."

ಮೊಲ್ಪಗೋರ ಒಂದು ಗುಟುಕು ಕುಡಿದು ಥೂ ಎಂದು ಉಗಿದ. ಜನ ನಕ್ಕರು.

"ಇಲ್ಲದ್ದು ನಾಲಗೆಗೆ ಹೆಂಗೆ ತಾಗ್ತು? ಮೂವತ್ತು ವರ್ಷದಿಂದ ಉಪ್ಪು ಕಾಸ್ತಿದೀನಿ. ಒಂದು ಮುಷ್ಟಿ ನೀರಿಗೆ ಹಾಕು, ಮಾಯ ಆಗುತ್ತೆ. ಕಾಸು, ಅದೇ ಒಂದು ಮುಷ್ಟಿ ವಾಪಸ್ ಬರುತ್ತೆ, ಚಿಟಿಕೆಯೂ ಕಮ್ಮಿ ಇಲ್ಲ. ಒಡೆದು ಒಡೆದು ಕೊನೆಗೆ ಏನೂ ಇಲ್ಲದಂಗೆ ಆಗೋದಿದ್ರೆ ವಾಪಸ್ ಬರೋದು ಏನು, ನಿನ್ನ ತಲೆಯಾ? ಇನ್ನು ಒಡೆಯೋಕೆ ಆಗಲ್ಲ ಅನ್ನೋ ಚೂರು ಒಂದಿದೆ ಭಾವ. ಅದು ಎಲ್ಲದರಲ್ಲೂ ಇದೆ. ಈ ಜ್ವರದಲ್ಲೂ ಇದೆ. ನಿಮ್ಮಪ್ಪ ಬಾರ್ಲಿ ಬೆಳೆಯೋಕೆ ಕಡಲಿಗೆ ಅಡ್ಡ ಕಟ್ಟೆ ಹಾಕಿಸಿದ. ಅವತ್ತಿಂದ ಆ ಕಡೆ ಹೊಳೆನೀರು ನಿಂತು ಕೊಳೀತಿದೆ, ಅದರ ಕಣ ಮಕ್ಕಳ ಮೂಗಿಗೆ ಹೋಗ್ತಿದೆ. ಕಟ್ಟೆ ಒಡೆದು ಉಪ್ಪುನೀರು ಬಿಡು, ಕೊಳೆಯೋದು ನಿಲ್ಲುತ್ತೆ. ನನ್ನ ಜಾಡಿ ನೋಡು, ಉಪ್ಪು ಬಿದ್ದ ಮೀನು ಕೊಳೆತಿದೆಯಾ?"

ಮೊಲ್ಪಗೋರನ ಮುಖದ ನಗೆ ಇಂಗಿತು. "ಆ ಕಣಾನ ನೀನು ಕಂಡಿದೀಯಾ? ಒಂದನ್ನ ಹಿಡಿದು ತೋರಿಸು, ಈಗಲೇ ಒಡೀತೀನಿ."

"ನೀನು ಅಪೊಲೊನ್ನ ಕಂಡಿದೀಯಾ? ವರ್ಷಾ ವರ್ಷಾ ಕುರಿ ಕಡೀತೀಯಲ್ಲ."

ಮೆಲಿನ್ನ ಕೈಯಲ್ಲಿದ್ದ ಕತ್ತಿಯನ್ನು ಹಲಗೆಗೆ ಕಚ್ಚಿಸಿ, "ಬಾಯಿಗೆ ಬೀಗ ಹಾಕ್ಕೊಳ್ಳೋ ಮಹಾರಾಯ!" ಎಂದು ಕೂಗಿದಳು. ಮೊಲ್ಪಗೋರ ಬಟ್ಟಲನ್ನು ನೆಲಕ್ಕೆ ಕುಕ್ಕಿ ಒಡೆದು, "ಇದೂ ಒಡೆಯೋಕೆ ಆಗದ್ದು ಅಂದ್ಕೊಂಡಿದ್ದೆ ನೋಡು" ಎಂದು ಹೇಳಿ ಹೊರಟುಹೋದ.

ನಮ್ಮಲ್ಲಿ ಪೀಡೆ ಕಳೆಯುವ ಪದ್ಧತಿ ಒಂದಿದೆ. ಹೊರಗಿನ ಬಡವನೊಬ್ಬನನ್ನು ಕೊಂಡು ತಂದು, ಪೀಡೆಯಾಳು ಎಂದು ಹೆಸರಿಟ್ಟು, ಊರಬಾಗಿಲ ಪಕ್ಕದ ಮನೆಯಲ್ಲಿ ಕೂರಿಸಿ ಹೊಟ್ಟೆ ಬಿರಿಯ ಉಣಿಸುತ್ತಾರೆ. ಹಬ್ಬದ ದಿನ ಅವನು ಬಾಗಿಲಿನಿಂದ ಹೊರಟು ಕೋಟೆಗೋಡೆಯನ್ನು ಒಂದು ಸುತ್ತು ಹಾಕಬೇಕು. ಊರಿನ ರೋಗ ರುಜಿನ, ಪಾಪ, ಕೆಟ್ಟ ಕಣ್ಣು ಎಲ್ಲ ಅವನ ಮೈಗೆ ಅಂಟುತ್ತದೆ. ಆಮೇಲೆ ಕಲ್ಲು ಹೊಡೆದು ಗಡಿ ದಾಟಿಸಿದರೆ ಊರು ಶುದ್ಧ. ಹೋದವನು ಮತ್ತೆ ಈ ಕಡೆ ಕಾಲಿಟ್ಟರೆ ಕೊಲ್ಲುತ್ತಾರೆ. ಆ ವರ್ಷದ ಆಳು ಬಿಥೂಸ ಎಂಬ ಥ್ರೇಸಿನ ಬೆಟ್ಟದವನು. ದಿನಾ ಮೂರು ಹೊತ್ತು ಗಿಣ್ಣು, ಒಣ ಅಂಜೂರ, ಬಾರ್ಲಿ ರೊಟ್ಟಿ ತಿಂದು ಅವನ ಕೆನ್ನೆ ಕೆಂಪೇರಿತ್ತು. ಅವನಿಗೆ ಉಪ್ಪುಮೀನು ಕೊಡುವ ಸರದಿ ಮಾಂಡ್ರೋನನದು.

ಅಂಪೆಲಿಗೆ ಐದನೆಯ ಸುತ್ತು ಚಳಿ ಬಂದ ದಿನ ಮೆಲಿನ್ನ ಮೀನಿನ ಬುಟ್ಟಿಯನ್ನು ಗಂಡನ ಕೈಗೆ ತುರುಕಿದಳು. "ಒಳ್ಳೆ ದಪ್ಪ ತುಂಡು ಕೊಡು ಆ ಬಿಥೂಸನಿಗೆ. ಗಟ್ಟಿ ಇದ್ರೆ ಜಾಸ್ತಿ ಹೊರ್ತಾನೆ."

"ಏನು ಹೊರ್ತಾನೆ? ಜ್ವರ ಏನು ಸೌದೆ ಹೊರೆಯಾ?"

"ನಿನ್ನ ತರ್ಕ ಮಡಿಚಿ ಒಲೆಗೆ ಹಾಕು! ಮಗಳ ಮೈ ಮುಟ್ಟಿ ನೋಡು ಮೊದಲು. ನಿನ್ನ ಅಣು ಬಂದು ಅವಳಿಗೆ ಗಂಜಿ ಕುಡಿಸುತ್ತಾ?"

ಮಾಂಡ್ರೋನ ಮಗಳ ಹಣೆ ಮುಟ್ಟಿದ. ಮುಟ್ಟಿದವನೇ ಕೈ ತೆಗೆದುಕೊಂಡು ಹೊರಗೆ ನಡೆದ. ಆ ಸಂಕಟ ಸಿಟ್ಟಾಗಿ ಯಾರ ಮೇಲಾದರೂ ಬೀಳಲೇಬೇಕಿತ್ತು, ಬಿದ್ದದ್ದು ಬಿಥೂಸನ ಮೇಲೆ. ಬಾಗಿಲಮನೆಯಲ್ಲಿ ಗಿಣ್ಣು ಮೆಲ್ಲುತ್ತ ಕೂತಿದ್ದ ಆ ಬೆಟ್ಟದವನಿಗೆ ಅವನು ಹೇಳಿದ: "ತಿನ್ನೋ ತಿನ್ನು, ಪುಣ್ಯಾತ್ಮ. ನಿನ್ನ ಮೈಗೆ ಯಾವ ಪೀಡೇನೂ ಅಂಟಲ್ಲ, ಅದೆಲ್ಲ ಬೊಗಳೆ. ಆದ್ರೆ ಕಲ್ಲು ಮಾತ್ರ ಬೊಗಳೆ ಅಲ್ಲ. ಹೋದ ವರ್ಷದವನಿಗೆ ಒಂದು ಕಣ್ಣು ಹೋಯ್ತು."

ಬಿಥೂಸ ಮೆಲ್ಲುವುದನ್ನು ನಿಲ್ಲಿಸಿದ. ಹಬ್ಬಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆ ನೋಡಿದರೆ ಆಳು ನಾಪತ್ತೆ. ಹಿತ್ತಿಲ ಕಿಂಡಿಯಲ್ಲಿ ನುಸುಳಿ, ಜೊಂಡು ಸೀಳಿಕೊಂಡು, ಬೆಟ್ಟದ ದಾರಿ ಹಿಡಿದಿದ್ದ. ಹೋಗುವಾಗ ಗಿಣ್ಣಿನ ಬುಟ್ಟಿಯನ್ನೂ ಬಿಟ್ಟುಹೋಗಿರಲಿಲ್ಲ.

ಅಂದೇ ಮಧ್ಯಾಹ್ನ ಊರಸಭೆ ಸೇರಿತು. ಕಲ್ಲಿನ ಮೆಟ್ಟಿಲ ಮೇಲೆ ಗಂಡಸರು ಜೇನುಹುಳದ ಹಾಗೆ ಗುಂಯ್‌ಗುಟ್ಟುತ್ತಿದ್ದರು. ಬಾಗಿಲಮನೆಯ ಅಡಿಗೆಯವನು ಎದ್ದು, ಮಾಂಡ್ರೋನ ಆಡಿದ್ದನ್ನು ಒಂದಕ್ಷರ ಬಿಡದೆ ಒದರಿದ. ಮಾಂಡ್ರೋನ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವ ಬುದ್ಧಿ ಇದ್ದಿದ್ದರೆ ಇಷ್ಟು ದೂರ ಬರುತ್ತಿತ್ತೇ?

"ಹನ್ನೊಂದು ಮಕ್ಕಳು!" ಎಂದು ಒಬ್ಬ ಕಿರುಚಿದ. "ನನ್ನವು ಎರಡು ಅದರಲ್ಲಿ! ಇದ್ದ ಒಂದು ಮದ್ದನ್ನ ಈ ಉಪ್ಪಿನವನು ಓಡಿಸಿಬಿಟ್ಟ!"

"ಅವನನ್ನೇ ಹೊರಿಸಿ!" ಎಂದ ಇನ್ನೊಬ್ಬ. ಆ ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಹಬ್ಬಿತು.

ಮೊಲ್ಪಗೋರ ಕೈಯೆತ್ತಿ ಸುಮ್ಮನಿರಿಸಿದ. ಊರಿನ ಮಗನನ್ನು ಅವನ ಒಪ್ಪಿಗೆ ಇಲ್ಲದೆ ಪೀಡೆಯಾಳು ಮಾಡುವಂತಿಲ್ಲ, ಅದು ಹಿರಿಯರ ಕಟ್ಟಳೆ. ಒಪ್ಪಿಗೆಯನ್ನು ಹೇಗೆ ಹಿಂಡಬೇಕು ಎಂದು ಅವನಿಗೆ ಗೊತ್ತಿತ್ತು.

"ಭಾವಯ್ಯ, ನಿನಗೇನು ಕಷ್ಟ? ಪೀಡೆ ಅನ್ನೋದೇ ಇಲ್ಲ ಅಂತೀಯ. ಇಲ್ಲದ್ದನ್ನ ಹೊರೋಕೆ ಭಾರ ಏನು? ಕಲ್ಲೂ ಅಣು, ನಿನ್ನ ಬೆನ್ನೂ ಅಣು. ಅಣುವಿಗೆ ಅಣು ತಾಗಿದ್ರೆ ಅಳೋರು ಯಾರು?"

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಂಡ್ರೋನನಿಗೆ ಬೆಂಕಿ ಬಿದ್ದಂತಾಯಿತು. ನಾಲ್ಕು ಮಾತು ಬಿಸಾಡಲು ಬಾಯಿ ತೆರೆದವನು, ಜೀವಮಾನದಲ್ಲಿ ಮೊದಲ ಸಲ, ಮುಚ್ಚಿಕೊಂಡ. ಅವನು ಲೆಕ್ಕ ಹಾಕುತ್ತಿದ್ದ. ಐದು ಸುತ್ತು ಆಯಿತು. ಏಳು, ಹೆಚ್ಚೆಂದರೆ ಎಂಟು. ವರ್ಷವಿಡೀ ಬಡಕೊಂಡರೂ ಈ ಜನ ಕಟ್ಟೆ ಒಡೆಯುವುದಿಲ್ಲ. ಆದರೆ ಈ ಹೊತ್ತು ಇವರಿಗೆ ತನ್ನಿಂದ ಒಂದು ಬೇಕಾಗಿದೆ.

"ಹೊರ್ತೀನಿ," ಎಂದ.

ನಗು ನಿಂತಿತು.

"ಆದ್ರೆ ಹಬ್ಬದ ದಿನ ನಾನು ಹೊಸ್ತಿಲು ದಾಟೋ ಮೊದಲು ಕಡಲಕಟ್ಟೆ ಒಡೆದಿರಬೇಕು. ಉಪ್ಪುನೀರು ಜೌಗಿಗೆ ನುಗ್ಗೋದನ್ನ ನನ್ನ ಕಣ್ಣಾರೆ ನೋಡಬೇಕು. ಮತ್ತೆ ಮುಚ್ಚಲ್ಲ ಅಂತ ನನ್ನ ಭಾವ ಅಪೊಲೊ ಮೇಲೆ ಆಣೆ ಇಡಬೇಕು. ನನಗೆ ಆಣೆ ಮೇಲೆ ನಂಬಿಕೆ ಇಲ್ಲ. ಅವನಿಗಿದೆ, ಅಷ್ಟು ಸಾಕು."

ಮೊಲ್ಪಗೋರನ ಮುಖ ಬಿಳಿಚಿತು. ಬಾರ್ಲಿ ತೆನೆ ಹಣ್ಣಾಗಿ ನಿಂತಿತ್ತು. "ಹದಿನೈದು ದಿನ ತಡಿ. ಕೊಯ್ಲು ಮುಗೀಲಿ, ಆಮೇಲೆ..."

"ನನ್ನ ಮಗಳಿಗೆ ಹದಿನೈದು ದಿನ ಇಲ್ಲ."

ಸಭೆ ಈಗ ಮೊಲ್ಪಗೋರನ ಕಡೆ ತಿರುಗಿತು. ಮಕ್ಕಳನ್ನು ಮಣ್ಣು ಮಾಡಿದವರ ಮುಂದೆ ಬಾರ್ಲಿಯ ಮಾತಾಡುವುದು ಯಾವ ಯಜಮಾನನಿಗೂ ಕ್ಷೇಮವಲ್ಲ. "ಒಡೀರಿ! ಆಳು ಸಿಗುತ್ತಲ್ಲ, ಒಡೀರಿ!" ಎಂದು ಕೂಗು ಎದ್ದಿತು. ಅವನು ಹಲ್ಲು ಕಚ್ಚಿಕೊಂಡು ಒಪ್ಪಿದ, ಆದರೆ ತನ್ನದೂ ಒಂದು ಗಂಟು ಹಾಕಿದ.

"ಗಡಿಕಲ್ಲಿನ ಹತ್ತಿರ ಯಜಮಾನ ಮೂರು ಸಲ 'ಹೊತ್ತೆಯಾ?' ಅಂತ ಕೇಳ್ತಾನೆ. ಮೂರನೇ ಸಲಕ್ಕಾದರೂ 'ಹೊತ್ತೆ' ಅನ್ನೋ ಮಾತು ಆಳಿನ ಬಾಯಿಂದ ಬರಬೇಕು. ಬರಲಿಲ್ಲ ಅಂದ್ರೆ ಪೂಜೆ ಕೆಟ್ಟಿತು. ಪೂಜೆ ಕೆಟ್ರೆ ನನ್ನ ಆಣೆಯೂ ಇಲ್ಲ. ಅವತ್ತು ಸಂಜೆಯೊಳಗೆ ಕಟ್ಟೆ ಮುಚ್ಚಿಸ್ತೀನಿ. ಒಪ್ಪಿಗೆಯಾ?"

ಒಪ್ಪಿಗೆ ಎಂದರು ಎಲ್ಲರೂ. ಮೊಲ್ಪಗೋರ ಭಾವನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕ. ಆ ನಾಲಗೆ ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಅದು ಸುಳ್ಳಿಗೆ ಬಾಗುವ ನಾಲಗೆಯಲ್ಲ.

ಹಬ್ಬದ ಬೆಳಿಗ್ಗೆ ಉಪ್ಪಿನ ಕೆಲಸದವರೆಲ್ಲ ಗುದ್ದಲಿ ಹಿಡಿದು ಕಟ್ಟೆಯನ್ನು ಮೂರು ಕಡೆ ಕಡಿದರು. ಕಡಲು ಕಾಯುತ್ತ ನಿಂತಿತ್ತೋ ಏನೋ, ಭೋರೆಂದು ನುಗ್ಗಿತು. ಮಾಂಡ್ರೋನ ಅದನ್ನು ಕಣ್ಣು ತುಂಬ ನೋಡಿ ಮನೆಗೆ ಬಂದ. ಅಂಪೆಲಿಗೆ ಅಂದು ಜ್ವರ ಬಿಟ್ಟ ದಿನ. ಗೋಡೆಗೆ ಒರಗಿ ಕೂತು, "ಅಪ್ಪಾ, ಅಂಜೂರದ ಸರ ಹಾಕ್ಕೊಂಡು ಎಲ್ಲಿಗೆ ಹೊರಟೆ?" ಎಂದಳು. ಅವನ ಕೊರಳಿಗೆ ಪೂಜಾರಿಗಳು ಒಣ ಅಂಜೂರ ಪೋಣಿಸಿ ಹಾಕಿದ್ದರು.

"ದೂರ. ಚೆನ್ನಾಗಿ ತಿನ್ನು. ಅಮ್ಮ ಹೇಳಿದ್ದು ಕೇಳು," ಎಂದ. ಅವಳನ್ನು ಮುಟ್ಟುವಂತಿರಲಿಲ್ಲ, ಪೀಡೆಯಾಳು ಯಾರನ್ನೂ ಮುಟ್ಟಕೂಡದು. ಮುಟ್ಟಲು ಕೈ ಚಾಚಿದ್ದಕ್ಕೆ ಮೆಲಿನ್ನ ನಡುವೆ ಬಂದು ನಿಂತಳು.

"ಹೋಗೋ ಹೊತ್ತಲ್ಲೂ ನಿನಗೆ ಹಟವಾ? ನೀನು ಹೊತ್ಕೊಂಡು ಹೋದ್ರೆ ಇವಳು ಬದುಕ್ತಾಳೆ. ಮತ್ತೆ ಇವಳಿಗೇ ಅಂಟಿಸಿ ಹೋಗಬೇಡ."

"ಉಪ್ಪುನೀರು ಬಂತಲ್ಲ, ಅದಕ್ಕೆ ಬದುಕ್ತಾಳೆ ಮೆಲಿನ್ನ. ನಾನು ಹೋದ್ರೂ, ಇದ್ರೂ."

"ಇರು ಹಂಗಾದ್ರೆ! ಇರೋಕೆ ಆಗುತ್ತಾ? ನಿನ್ನ ಬಾಯಿ ನಿನ್ನನ್ನ ಇರೋಕೆ ಬಿಡ್ತಾ?" ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಹದಿನಾಲ್ಕು ವರ್ಷದ ಸಂಸಾರ, ಕೊನೆಯ ಮಾತೂ ಜಗಳ. ಹೊರಗೆ ತಮಟೆ ಬಡಿಯುತ್ತಿತ್ತು, ಅವನು ಹೊರಟ.

ಕೋಟೆಯ ಸುತ್ತು ಉದ್ದವಾದದ್ದು. ಹಿಂದೆ ಜನ ಅಂಜೂರದ ಕೊಂಬೆಯಿಂದ ಅವನ ಬೆನ್ನಿಗೆ ಬಾರಿಸುತ್ತ, "ತಗೋ ನನ್ನ ಮನೆ ಜ್ವರಾನ! ತಗೋ ನನ್ನ ಆಡಿನ ರೋಗಾನ! ತಗೋ ನಮ್ಮತ್ತೆ ಕೆಟ್ಟ ಕಣ್ಣನ್ನ!" ಎಂದು ಕೂಗುತ್ತಿದ್ದರು. ನಿನ್ನೆಯವರೆಗೆ ಅವನ ಅಂಗಡಿಯಲ್ಲಿ ಚೌಕಾಸಿ ಮಾಡಿದ ಹೆಂಗಸರೇ ಅವನ ಮೇಲೆ ಉಗಿದರು. ಮೂಡಣ ಮೂಲೆಗೆ ಬಂದಾಗ ಜೌಗು ಕಾಣಿಸಿತು. ಬಾರ್ಲಿ ಕೊರಳವರೆಗೆ ಕೆಂಪು ನೀರಿನಲ್ಲಿ ನಿಂತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಮೊಲ್ಪಗೋರ ಅದನ್ನು ನೋಡಲಾರದೆ ನೋಡುತ್ತಿದ್ದ.

"ಒಂದು ಮಾತು ತಿಳ್ಕೊ ಭಾವ," ಎಂದ ಅವನು ಮೆಲ್ಲಗೆ. "ಜ್ವರ ಇಳೀತು ಅನ್ನು, ನೀನು ಹೊತ್ಕೊಂಡು ಹೋದದ್ದಕ್ಕೆ ಇಳೀತು ಅಂತಾರೆ. ಇಳೀಲಿಲ್ಲ ಅನ್ನು, ನಿನ್ನ ಉಪ್ಪುನೀರಿಂದ ಏರಿತು ಅಂತಾರೆ. ಎರಡರಲ್ಲೂ ನೀನೇ ಸೋತೆ."

ಮಾಂಡ್ರೋನ ಒಂದು ಮಾತನ್ನು ಗಡಿಗೆಂದು ಕಾಯ್ದಿರಿಸಿದ್ದ. ಊರಿಗೆ ಊರೇ ಅಲ್ಲಿ ಸೇರಿರುತ್ತದೆ. ಅವರ ಮುಂದೆ ಹೇಳಿಬಿಡಬೇಕು: ಜ್ವರ ಇಳಿದರೆ ಅದು ನೀರಿನಿಂದ, ನನ್ನಿಂದ ಅಲ್ಲ. ಅದನ್ನು ತಿಳಿಯದೆ ಹೋದರೆ ಈ ಜನ ಮುಂದೊಂದು ವರ್ಷ ಮತ್ತೆ ಕಟ್ಟೆ ಹಾಕುತ್ತಾರೆ, ಮತ್ತೆ ಮಕ್ಕಳು ಸಾಯುತ್ತವೆ, ಮತ್ತೆ ಯಾವನೋ ಬೆಟ್ಟದವನ ಕಣ್ಣು ಹೋಗುತ್ತದೆ.

ಗಡಿಕಲ್ಲಿನ ಎದುರು ಅವನನ್ನು ಒಂಟಿಯಾಗಿ ನಿಲ್ಲಿಸಿದರು. ಜನ ಅರ್ಧಚಂದ್ರದ ಹಾಗೆ ನಿಂತರು, ಒಬ್ಬೊಬ್ಬರ ಕೈಯಲ್ಲೂ ಕಲ್ಲು. ಮೊಲ್ಪಗೋರ ಮುಂದೆ ಬಂದು ಗಟ್ಟಿಯಾಗಿ ಕೇಳಿದ:

"ಹೊತ್ತೆಯಾ?"

"ಊರವರೇ, ಕೇಳಿ!" ಎಂದ ಮಾಂಡ್ರೋನ. "ಜ್ವರ ಇಳಿಯುತ್ತೆ, ಇಳಿದಾಗ ಆ ಕಟ್ಟೆ ಕಡೆ ನೋಡಿ..."

ಜನ ಹೋ ಎಂದು ಕೂಗಿ ಅವನ ಮಾತನ್ನು ಮುಳುಗಿಸಿದರು. "ಮಾತು ಬೇಡ! ಹೊತ್ತೆ ಅನ್ನು!"

ಮೊಲ್ಪಗೋರನ ಕಣ್ಣಿಗೆ ಕಳೆ ಬಂತು. ಎರಡನೆಯ ಸಲ ಕೇಳಿದ, ಕೇಳಿ ಭಾವನಿಗೆ ಮಾತ್ರ ಕೇಳಿಸುವ ಹಾಗೆ ಸೇರಿಸಿದ: "ಹೇಳಬೇಡ ಭಾವ. ಸುಳ್ಳು ನಿನ್ನ ಬಾಯಿಗೆ ಒಗ್ಗಲ್ಲ. ನಿಜ ಹೇಳಿಬಿಡು. ಗುದ್ದಲಿಯವರು ಕಟ್ಟೆ ಹತ್ರಾನೇ ಕಾಯ್ತಿದ್ದಾರೆ."

ಅಯ್ಯೋ, ಆ ನಿಜ ಅವನ ಗಂಟಲವರೆಗೆ ಬಂದಿತ್ತು! ಮೂವತ್ತು ವರ್ಷ ಕಾಪಾಡಿಕೊಂಡು ಬಂದದ್ದು, ಇನ್ನೊಂದು ಉಸಿರಿಗೆ ಹೊರಗೆ ಬೀಳುತ್ತಿತ್ತು. ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ತಿವಿಯುತ್ತ ಮೆಲಿನ್ನ ಮುಂದೆ ಬಂದಳು. ಅವಳ ಕೈಯಲ್ಲೂ ಕಲ್ಲಿತ್ತು.

"ಹೇಳು," ಎಂದಳು.

"ಅದು ನಿಜ ಅಲ್ಲ ಕಣೇ. ಈಗ ಒಪ್ಕೊಂಡ್ರೆ ಇವರು ಮತ್ತೆ ಕಟ್ಟೆ ಹಾಕ್ತಾರೆ. ಇವತ್ತಲ್ಲ, ನಾಳೆ."

"ನಾಳೆಗೆ ನನ್ನ ಮಗಳು ಇರಬೇಕಲ್ಲೋ! ಒಂದು ಮಾತು. ನಿನ್ನ ಬಾಯಿಗೆ ಆ ಒಂದು ಮಾತು ದೊಡ್ಡದಾ, ಅಂಪೆಲಿ ದೊಡ್ಡವಳಾ? ಹೇಳೋ!"

"ಮೂರನೇ ಸಲ ಕೇಳ್ತಿದೀನಿ," ಎಂದ ಮೊಲ್ಪಗೋರ. "ಹೊತ್ತೆಯಾ?"

ಮಾಂಡ್ರೋನ ಹೆಂಡತಿಯ ಮುಖ ನೋಡಿದ. ಅತ್ತೂ ಅತ್ತೂ ಊದಿದ ಕಣ್ಣು, ಮೀನಿನ ಪೊರೆ ಅಂಟಿದ ಕೈ. ಅವಳಿಗೆ ಅಣು ಬೇಕಿಲ್ಲ, ನೀರೂ ಬೇಕಿಲ್ಲ. ಮಗಳ ಜ್ವರವನ್ನು ಯಾರೋ ಎತ್ತಿಕೊಂಡು ಹೋಗುವುದನ್ನು ಅವಳು ಕಣ್ಣಿಂದ ನೋಡಬೇಕು.

"ಹೊತ್ತೆ," ಎಂದ. ದನಿ ಸಾಲದು ಎನಿಸಿ ಮತ್ತೆ ಕೂಗಿದ: "ಹೊತ್ತೆ! ಎಲ್ಲಾನೂ ಹೊತ್ತೆ!"

ಊರು ಕುಣಿಯಿತು. "ಒಪ್ಕೊಂಡ! ಅಣುವಿನವನು ಒಪ್ಕೊಂಡ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಗದೆ ನಿಂತವನು ಮೊಲ್ಪಗೋರ ಒಬ್ಬನೇ. ಮೊದಲ ಕಲ್ಲು ಯಜಮಾನನದು. ಮುಳುಗಿದ ಬಾರ್ಲಿಯ ಸಿಟ್ಟನ್ನೆಲ್ಲ ಸೇರಿಸಿ ಎಸೆದ, ಅದು ಭುಜಕ್ಕೆ ಬಡಿದು ಮಾಂಡ್ರೋನ ಮುಗ್ಗರಿಸಿದ.

ಎರಡನೆಯ ಕಲ್ಲಿಗೆ ಮೆಲಿನ್ನ ಕೈಯೆತ್ತಿದಳು. ಎಷ್ಟು ಬಲವಾಗಿ ಬಿದ್ದರೆ ಪೀಡೆ ಅಷ್ಟು ದೂರ ಓಡುತ್ತದೆ ಎಂಬುದು ನಮ್ಮವರ ನಂಬಿಕೆ. ಅವಳು ಮಗಳ ಹೆಸರನ್ನು ಕೂಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದಳು. ಕಲ್ಲು ಬರುತ್ತಿರುವುದು ಮಾಂಡ್ರೋನನಿಗೆ ಕಾಣುತ್ತಿತ್ತು, ಪಕ್ಕಕ್ಕೆ ಸರಿಯಲು ಬೇಕಾದಷ್ಟು ಹೊತ್ತೂ ಇತ್ತು. ಸರಿದರೆ, ತನ್ನ ಕಲ್ಲು ತಪ್ಪಿತಲ್ಲ ಎಂದು ಅವಳು ಮನೆಗೆ ಹೋಗಿ ಮಗಳ ಪಕ್ಕದಲ್ಲಿ ಕೂತು ಹೆದರುತ್ತಾಳೆ. ಅವನು ಅಲ್ಲೇ ನಿಂತ.